ಹಾಸ್ಟೆಲ್ ದವಾಖಾನೆಯ ರಿಜಿಸ್ಟರು, ಊರಿಂದ ಬರುವ ಫೋನು

ವಿಜಯಪುರದ ಒಂದು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ನಾನು ನರ್ಸ್. ಡಾಕ್ಟರು ಕೆಲವು ಸಂಜೆ ಮಾತ್ರ ಬರುತ್ತಾರೆ. ಉಳಿದ ಹೊತ್ತು ಬಿಪಿ ಮಷೀನು, ಗುಳಿಗೆ ಕಪಾಟು ಮತ್ತು ನಾನು.

ಸೇರಿದ ಹೊಸತರಲ್ಲಿ ಬಾಗಿಲ ಪಕ್ಕದ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು ಸದಾ ತೆರೆದೇ ಇರುತ್ತಿತ್ತು. ಹೆಸರು, ರೂಮ್ ನಂಬರು, ಏನು ತ್ರಾಸು, ಯಾವ ಗುಳಿಗೆ ಎಲ್ಲವೂ ಅದರಲ್ಲೇ. ಸರದಿಯಲ್ಲಿ ನಿಂತವಳು ತನ್ನ ಹೆಸರು ಬರೆಯುವಷ್ಟರಲ್ಲಿ ಮೇಲಿನ ಸಾಲುಗಳನ್ನೆಲ್ಲ ಓದಿ ಮುಗಿಸುತ್ತಿದ್ದಳು. ಬಿಳಿ ಹೋಗುತ್ತದೆ ಎಂದು ಬರೆಯಲು ನಾಚಿ ‘ತಲಿನೋವು’ ಎಂದು ಬರೆದು, ತಲೆನೋವಿನ ಗುಳಿಗೆಯನ್ನೇ ಒಯ್ದ ಹುಡುಗಿಯರಿದ್ದರು. ಈಗ ಹೊರಗಿನ ರಿಜಿಸ್ಟರಿನಲ್ಲಿ ಹೆಸರು ಮತ್ತು ವೇಳೆ ಅಷ್ಟೇ. ತೊಂದರೆಯನ್ನು ಒಳಗೆ, ಪರದೆಯಾಚೆ, ಅವಳದೇ ಕಾರ್ಡಿನಲ್ಲಿ ಬರೆದು ಬೀಗ ಹಾಕುತ್ತೇನೆ. “ಆಡಿಟ್‌ಗೆ ಏನ್ ತೋರಸ್ತೀರಿ?” ಎಂದು ಕ್ಲರ್ಕ್ ತಕರಾರು ತೆಗೆದರು. ಗುಳಿಗೆ ಎಷ್ಟು ಬಂದವು, ಎಷ್ಟು ಹೋದವು ಎನ್ನುವ ಸ್ಟಾಕ್ ಬುಕ್ ತೋರಿಸಿದೆ. ಆಡಿಟ್‌ಗೆ ಬೇಕಾದದ್ದು ಅದೇ, ಯಾರ ಹೊಟ್ಟೆಯೊಳಗೆ ಹೋದವು ಎಂಬುದಲ್ಲ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿತು. ಗುಟ್ಟು ಕಾಯುವುದೂ, ಗಂಡಸು ಡಾಕ್ಟರು ಹೆಣ್ಣುಮಗಳನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕೆಂಬುದೂ ಅದರಲ್ಲಿವೆ. ಎರಡನೆಯದು ಸುಲಭ, ನಾನು ನಿಂತರೆ ಆಯಿತು. ಮೊದಲನೆಯದಕ್ಕೆ ಅಡ್ಡ ಬರುವುದು ಊರಿಂದ ಬರುವ ಫೋನು.

“ನಮ್ಮ ಹುಡುಗಿಗೆ ಏನಾಗೇತ್ರಿ ಸಿಸ್ಟರ್? ಖರೇ ಹೇಳ್ರಿ.” ಹದಿನೆಂಟು ತುಂಬಿದವಳ ಮಾಹಿತಿ ಅವಳದು. ಆದರೆ ಸಾಲ ಮಾಡಿ ಫೀ ಕಟ್ಟಿದ ತಂದೆಗೆ ಫೋನಿನಲ್ಲಿ ಕಾಯ್ದೆ ಓದಿ ಹೇಳಿದರೆ ಆತ ಮರುದಿನವೇ ಬಸ್ ಹತ್ತಿ ಮಗಳನ್ನು ಕರೆದೊಯ್ಯುತ್ತಾನೆ. ಅದಕ್ಕೇ ಕಾರ್ಡ್ ಮಾಡುವ ದಿನವೇ ಹುಡುಗಿಯನ್ನು ಕೇಳಿಬಿಡುತ್ತೇನೆ: ಮನೆಯಲ್ಲಿ ಯಾರಿಗೆ ಹೇಳಲಿ, ಎಷ್ಟು ಹೇಳಲಿ? ಬಹಳಷ್ಟು ಜನ ಅವ್ವನ ನಂಬರು ಬರೆಯುತ್ತಾರೆ, ಕೆಲವರು ಅಕ್ಕನದು. ಜೀವಕ್ಕೆ ಅಪಾಯವಿದ್ದರೆ ಮಾತ್ರ ನಿನ್ನನ್ನು ಕೇಳದೆ ಹೇಳುತ್ತೇನೆ ಎಂಬುದನ್ನೂ ಆಗಲೇ ತಿಳಿಸಿರುತ್ತೇನೆ. ಪಿಯುಸಿಯವರು ಇನ್ನೂ ಚಿಕ್ಕವರು, ಅವರ ವಿಷಯದಲ್ಲಿ ಪಾಲಕರ ಒಪ್ಪಿಗೆ ಬೇಕೇಬೇಕು. ಉಳಿದವರ ಮನೆಯಿಂದ ಫೋನ್ ಬಂದರೆ, “ಇಲ್ಲೇ ಅದಾಳ್ರಿ ಕಾಕಾ, ಆಕಿ ಕಡೆನೇ ಕೊಡ್ತೀನಿ” ಎನ್ನುತ್ತೇನೆ. ಸುಳ್ಳೂ ಅಲ್ಲ, ಗುಟ್ಟೂ ಒಡೆಯಲಿಲ್ಲ.

ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಸರಕಾರದ ಟೆಲಿ ಮಾನಸ್ ನಂಬರು 14416. ಅದನ್ನು ನೋಟಿಸ್ ಬೋರ್ಡಿನಿಂದ ತೆಗೆದು ಬಚ್ಚಲು ಬಾಗಿಲುಗಳ ಒಳಬದಿಗೆ ಅಂಟಿಸಿದ್ದೇನೆ. ಎಲ್ಲರೆದುರು ನಿಂತು ಆ ನಂಬರು ಬರೆದುಕೊಳ್ಳುವ ಧೈರ್ಯ ಯಾರಿಗಿದೆ?

ಹಕ್ಕು ಎಂದ ಕೂಡಲೇ ಸಿಕ್ ಸರ್ಟಿಫಿಕೇಟ್ ಕೇಳುವವರೂ ಇದ್ದಾರೆ. ಇಂಟರ್ನಲ್ಸ್ ವಾರ ಬಂತೆಂದರೆ ಹಾಸ್ಟೆಲ್ ತುಂಬ ಹೊಟ್ಟೆನೋವು. ಅದನ್ನು ಕೊಡುವವರು ಡಾಕ್ಟರು, ನಾನಲ್ಲ. ವೈದ್ಯರ 2002ರ ನಿಯಮಾವಳಿಯಂತೆ ಅವರು ಅದಕ್ಕೊಂದು ಪ್ರತ್ಯೇಕ ರಿಜಿಸ್ಟರು ಇಟ್ಟು, ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ಮೈಮೇಲಿನ ಒಂದು ಗುರುತು ಬರೆದುಕೊಳ್ಳಬೇಕು. ಮಚ್ಚೆ ಎಲ್ಲಿದೆ ತೋರಿಸು ಎಂದರೆ ಅರ್ಧ ಹೊಟ್ಟೆನೋವು ಅಲ್ಲೇ ನಿಲ್ಲುತ್ತದೆ.

ಇದೆಲ್ಲ ಒರೆಗೆ ಹಚ್ಚಿದಂತಾದದ್ದು ಒಬ್ಬಳಿಗೆ ಟಿಬಿ ಬಂದಾಗ. ವಾರಗಟ್ಟಲೆ ಕೆಮ್ಮು, ಸಂಜೆ ಜ್ವರ. ಸರಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡಿಸಿದೆವು. ಟಿಬಿಯನ್ನು ಸರಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ, ಅದರಲ್ಲಿ ಗುಟ್ಟಿನ ಪ್ರಶ್ನೆ ಬರುವುದಿಲ್ಲ. ವಾರ್ಡನ್ ಮಾತ್ರ ಅವಳನ್ನು ಊರಿಗೇ ಕಳಿಸಿಬಿಡೋಣ ಎಂದರು. ಚಿಕಿತ್ಸೆ ಸರಿಯಾಗಿ ನಡೆದರೆ ಸಾಮಾನ್ಯವಾಗಿ ಎರಡು ವಾರದಲ್ಲಿ ಸೋಂಕು ಹರಡುವುದು ಬಹಳ ಕಡಿಮೆಯಾಗುತ್ತದೆ ಎಂದು ಡಾಕ್ಟರಿಂದಲೇ ಹೇಳಿಸಿ, ಅಷ್ಟು ದಿನ ಬೇರೆ ಕೋಣೆ ಕೊಡಿಸಿದೆ. ಅವಳ ಪಾಲಿನ ಕೆಲಸವನ್ನೂ ಹೇಳಿದೆ: ಮಾಸ್ಕ್ ತೆಗೆಯಬಾರದು, ಆರು ತಿಂಗಳು ಒಂದು ದಿನವೂ ಗುಳಿಗೆ ತಪ್ಪಿಸಬಾರದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡ ಎಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಅದನ್ನು ಕಂಡು ಗುಳಿಗೆ ಬಿಡುವವರುಂಟು. ರೂಮಿನವರಿಗೂ ಪರೀಕ್ಷೆ ಆಗಬೇಕಿತ್ತು. ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗ, “ನಾನ ಹೇಳ್ತೀನ್ರಿ ಸಿಸ್ಟರ್” ಎಂದು ಅವಳೇ ಹೇಳಿದಳು.

ತೊಡಕು ಬಂದದ್ದು ದುಡ್ಡಿನ ಕಡೆಯಿಂದ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಟಿಬಿ ರೋಗಿಗೆ ಊಟದ ಖರ್ಚಿಗೆಂದು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ, ನೇರವಾಗಿ ಖಾತೆಗೆ ಬೀಳುತ್ತದೆ. ಅವಳ ಖಾತೆಗೆ ಜೋಡಿಸಿದ್ದು ಅಪ್ಪನ ಮೊಬೈಲು. ಮೆಸೇಜು ಹೋದರೆ ಇದು ಎಲ್ಲಿಯ ರೊಕ್ಕ ಎಂದು ಅವರು ಕೇಳದೆ ಇರುವುದಿಲ್ಲ. ಮೆಸೇಜಿಗಿಂತ ಮುಂಚೆ ನೀನೇ ಹೇಳುವುದು ಮೇಲು ಎಂದೆ. ನನ್ನ ಕೋಣೆಯಲ್ಲೇ ಕೂತು ಮೊದಲು ಅವ್ವನಿಗೆ, ಆಮೇಲೆ ಅಪ್ಪನಿಗೆ ಫೋನ್ ಮಾಡಿದಳು. ಕಾರ್ಡಿನಲ್ಲಿ ಈಗ ಇನ್ನೊಂದು ಸಾಲು ಸೇರಿಸಿದ್ದೇನೆ: ಬ್ಯಾಂಕ್ ಖಾತೆಗೆ ಯಾರ ಮೊಬೈಲ್ ನಂಬರು ಜೋಡಿಸಿದೆ?