‘ಅನ್‌ಫೇರ್’ ಪದವನ್ನು ವಾಕ್ಯದಲ್ಲಿ ಕೂರಿಸುವುದು ಹೇಗೆ?

ಹಾಲು ಉಕ್ಕಿ ಒಲೆಯೆಲ್ಲ ಹರಿದರೆ ‘ಅಯ್ಯೋ, ಅನ್ಯಾಯವಾಗಿ ಹೋಯ್ತಲ್ಲ’ ಅನ್ನುತ್ತೇವೆ. ಅಂಪೈರ್ ತಪ್ಪಾಗಿ ಔಟ್ ಕೊಟ್ಟರೂ ‘ಅನ್ಯಾಯ’ವೇ. ಇಂಗ್ಲಿಷಿನ ‘ಅನ್‌ಫೇರ್’ ಎರಡನೆಯ ಕಡೆಗೆ ಮಾತ್ರ ಬರುತ್ತದೆ. ಹಾಲಿನ ವಿಷಯಕ್ಕೆ ‘ವೇಸ್ಟ್’ ಸಾಕು. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಇಲ್ಲಿ ಯಾರಿಗಾದರೂ ಭೇದಭಾವ ಅಥವಾ ಮೋಸ ಆಗಿದೆಯಾ? ಆಗಿದ್ದರೆ ಮುಂದೆ ಹೋಗಿ.

ಆಮೇಲೆ ಇದನ್ನು ನೆನಪಿಡಿ. ‘ಅನ್ಯಾಯ’ ನಾಮಪದ, ‘ಅನ್‌ಫೇರ್’ ಗುಣವಾಚಕ. ‘ನನಗೆ ಅನ್ಯಾಯ ಮಾಡಿದ’ ಎಂಬುದನ್ನು ಹಾಗೇ ಎತ್ತಿಕೊಂಡು ‘ಹಿ ಡಿಡ್ ಅನ್‌ಫೇರ್ ಟು ಮಿ’ ಅನ್ನುವವರು ಬಹಳ ಜನ. ನಾನೂ ಕಾಲೇಜಿನಲ್ಲಿ ಹಾಗೇ ಬರೆದು ಕೆಂಪು ಗೆರೆ ಹಾಕಿಸಿಕೊಂಡಿದ್ದೇನೆ. ‘ಹಿ ವಾಸ್ ಅನ್‌ಫೇರ್ ಟು ಮಿ’ ಸರಿ. ‘ಡಿಡ್’ ತೆಗೆದು ‘ವಾಸ್’ ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಜಾಸ್ತಿ ಎಡವುವುದು ಚಿಕ್ಕ ಪದಗಳಲ್ಲಿ. ಅನ್ಯಾಯ ಅನುಭವಿಸಿದವರ ಮುಂದೆ ‘ಟು’ ಬರುತ್ತದೆ, ಮಾಡಿದವರ ಮುಂದೆ ‘ಆಫ್’. ‘ದ ರೂಲ್ ಈಸ್ ಅನ್‌ಫೇರ್ ಟು ವಿಮೆನ್’ ಅಂದರೆ ನಿಯಮದಿಂದ ಹೆಂಗಸರಿಗೆ ಅನ್ಯಾಯ. ‘ಇಟ್ ವಾಸ್ ಅನ್‌ಫೇರ್ ಆಫ್ ಹಿಮ್ ಟು ಬ್ಲೇಮ್ ಯು’ ಅಂದರೆ ನಿನ್ನನ್ನು ದೂರಿದ್ದು ಅವನ ತಪ್ಪು. ಬ್ರಿಟಿಷರು ‘ಟು’ ಬದಲು ‘ಅನ್‌ಫೇರ್ ಆನ್’ ಅಂತಲೂ ಹೇಳುತ್ತಾರೆ, ಗಾಬರಿ ಬೇಡ. ಪೂರ್ತಿ ಸಂಗತಿಯೇ ಅನ್ಯಾಯ ಅನ್ನುವುದಾದರೆ ‘ದಟ್’ ಹಾಕಿ: ‘ಇಟ್ ಈಸ್ ಅನ್‌ಫೇರ್ ದಟ್ ಶಿ ಗೆಟ್ಸ್ ಲೆಸ್ ಪೇ’.

ನಾಮಪದಕ್ಕಿಂತ ಮೊದಲು ಕೂರಿಸುವುದು ಸುಲಭ. ಈ ಜೋಡಿಗಳು ಪತ್ರಿಕೆಯಲ್ಲಿ ದಿನಾ ಕಣ್ಣಿಗೆ ಬೀಳುತ್ತವೆ. ಪರೀಕ್ಷಾ ಅಕ್ರಮ ತಡೆಯಲು 2024ರಲ್ಲಿ ಬಂದ ಕೇಂದ್ರದ ಕಾಯ್ದೆಯ ಹೆಸರಿನಲ್ಲೇ ‘ಅನ್‌ಫೇರ್ ಮೀನ್ಸ್’ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್‌ಫೇರ್ ಟ್ರೇಡ್ ಪ್ರ್ಯಾಕ್ಟೀಸ್’ ಇದೆ. ಮಾರಿದ ಸಾಮಾನಿಗೆ ಬಿಲ್ ಕೊಡದೇ ಇರುವುದೂ ಅದರೊಳಗೇ ಬರುತ್ತದೆ. ಕ್ರಿಕೆಟ್ಟಿನ 41ನೇ ನಿಯಮದ ಹೆಸರು ‘ಅನ್‌ಫೇರ್ ಪ್ಲೇ’. ಬೌಲರ್ ಚೆಂಡು ಎಸೆಯುವ ಮೊದಲೇ ಕ್ರೀಸ್ ಬಿಟ್ಟ ನಾನ್‌ಸ್ಟ್ರೈಕರ್‌ನನ್ನು ಔಟ್ ಮಾಡುವುದು ಅಲ್ಲೇ ಇತ್ತು. 2022ರಲ್ಲಿ ಅದನ್ನು 38ನೇ ನಿಯಮಕ್ಕೆ, ಅಂದರೆ ‘ರನ್ ಔಟ್’ ಸಾಲಿಗೆ ಸೇರಿಸಿದರು. ಬರೀ ಜಾಗ ಬದಲಾಯಿತು, ಆದರೆ ಬೌಲರ್‌ಗೆ ಅಂಟಿದ್ದ ಕಳಂಕ ಎಷ್ಟೋ ಕಮ್ಮಿ ಆಯಿತು!

ಇನ್ನೊಂದು ಪದ ‘ಅನ್‌ಜಸ್ಟ್’. ಇದರ ತೂಕ ಜಾಸ್ತಿ. ಕಾನೂನು, ತೀರ್ಪು, ಯುದ್ಧದಂಥ ದೊಡ್ಡ ಮಾತಿಗೆ ಸರಿ. ತಮ್ಮನಿಗೆ ಎರಡು ಹೋಳಿಗೆ, ನನಗೆ ಒಂದೇ ಅಂತ ಅಮ್ಮನ ಹತ್ತಿರ ಜಗಳ ಆಡುವಾಗ ‘ಅನ್‌ಜಸ್ಟ್’ ಅಂದರೆ ಮನೆಮಂದಿಯೆಲ್ಲ ನಗುತ್ತಾರೆ. ಅಲ್ಲಿ ‘ದಟ್ಸ್ ನಾಟ್ ಫೇರ್’ ಸಾಕು. ಬರೆಯುವಾಗ ಈ ಪದದ ಒಂದು ಚೇಷ್ಟೆ ಗಮನಿಸಿ: ಗುಣವಾಚಕಕ್ಕೆ ‘ಅನ್’, ಅದರ ನಾಮಪದಕ್ಕೆ ‘ಇನ್’. ‘ಅನ್‌ಜಸ್ಟ್’ ಸರಿ, ‘ಇನ್‌ಜಸ್ಟಿಸ್’ ಸರಿ. ‘ಇನ್‌ಜಸ್ಟ್’ ಅಂತ ಬರೆದರೆ ಮತ್ತೆ ಕೆಂಪು ಗೆರೆ.