ಶ್ರುತಿ ತಿದ್ದಲು ಪೆಟ್ಟಿಗೆಯೋ ತಂತ್ರಾಂಶವೋ: ನನ್ನ ಅನುಭವ

ಮಂಗಳೂರಿನ ಬಿಜೈಯಲ್ಲಿ ನನ್ನದೊಂದು ಸಣ್ಣ ಧ್ವನಿಮುದ್ರಣದ ಕೋಣೆ ಇದೆ. ಹೆಂಚಿನ ಮಾಡು, ಆಟಿ ತಿಂಗಳಲ್ಲಿ ಮಳೆ ಬಿಟ್ಟ ಹೊತ್ತು ನೋಡಿಕೊಂಡೇ ಹಾಡಿಸಬೇಕು. ತುಳು ಭಕ್ತಿಗೀತೆ, ಕೊಂಕಣಿ ಹಾಡು, ನವರಾತ್ರಿ ಹತ್ತಿರವಾದಾಗ ಭಜನಾ ಮಂಡಳಿಗಳು. ಬಂದವರಲ್ಲಿ ಹೆಚ್ಚಿನವರು ಮೈಕಿನ ಮುಂದೆ ನಿಲ್ಲುವ ಮೊದಲೇ ಕೇಳುತ್ತಾರೆ: "ಶ್ರುತಿ ಆಚೀಚೆ ಆದರೆ ಸರಿ ಮಾಡಬಹುದಲ್ಲವೇ?"

ಮಾಡಬಹುದು. ಆದರೆ ಯಾವುದರಿಂದ ಎಂಬುದು ನನಗೆ ತಿಳಿದದ್ದು ಒಂದು ಒಳ್ಳೆಯ ಹಾಡನ್ನು ಕಳೆದುಕೊಂಡ ಮೇಲೆ.

ಮೊದಲು ನನ್ನ ಬಳಿ ಇದ್ದದ್ದು ಶ್ರುತಿ ತಿದ್ದುವ ಪೆಟ್ಟಿಗೆ. ಮೈಕ್ ಮತ್ತು ಕಂಪ್ಯೂಟರ್ ನಡುವೆ ಅದನ್ನು ಜೋಡಿಸಿದರೆ ಆಯಿತು, ಹಾಡುತ್ತಿರುವಾಗಲೇ ಸ್ವರ ಸರಿಯಾಗುತ್ತದೆ. ಗಾಯಕರಿಗೂ ತಿದ್ದಿದ ಧ್ವನಿಯೇ ಹೆಡ್‌ಫೋನಿನಲ್ಲಿ ತಡವಿಲ್ಲದೆ ಕೇಳಿಸುವುದರಿಂದ ಧೈರ್ಯ ಬರುತ್ತದೆ. ಉಡುಪಿಯಿಂದ ಬಂದ ಹಿರಿಯ ಗಾಯಕಿಯೊಬ್ಬರು ತೋಡಿಯಲ್ಲಿ ದೇವರನಾಮವೊಂದನ್ನು ಹಾಡಿದರು. ಹಾರ್ಮೋನಿಯಂನ ಐದನೆಯ ಬಿಳಿ ಮನೆ, ಅಂದರೆ ಬಿಳಿ ಐದು, ಅವರ ಶ್ರುತಿ. ತಂಬೂರಿ ಪೆಟ್ಟಿಗೆಯ ಸಣ್ಣ ಗುಬ್ಬಿಯನ್ನು ತಮ್ಮ ಕಂಠಕ್ಕೆ ಹಿತವಾಗುವಂತೆ ಕೊಂಚ ಮೇಲಕ್ಕೆ ತಿರುಗಿಸಿಕೊಂಡಿದ್ದರು. ಆಮೇಲೆ ಅಳೆದಾಗ ಅದು 20 ಸೆಂಟ್ ಮೇಲಿತ್ತು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್. ನನ್ನ ಪೆಟ್ಟಿಗೆಯ ಆಧಾರ ಮಾತ್ರ ಸಾಮಾನ್ಯ ಅಳತೆಯಲ್ಲೇ, ಅಂದರೆ ಬಿಳಿ ಆರಕ್ಕೆ 440 ಹರ್ಟ್ಜ್ ಎಂದೇ, ಉಳಿದಿತ್ತು. ಹಾಗಾಗಿ ಅವರು ಸರಿಯಾಗಿ ಹಿಡಿದ ಷಡ್ಜವನ್ನೇ ಅದು ಪ್ರತಿ ಸಲ ಕೆಳಗೆ ಎಳೆಯಿತು.

ಅದಕ್ಕಿಂತ ದೊಡ್ಡ ನಷ್ಟ ಗಾಂಧಾರದ್ದು. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ರಿಷಭ ಮಧ್ಯಮಗಳ ನಡುವೆ ತೂಗುತ್ತದೆ, ಆ ತೂಗಾಟವೇ ರಾಗ. ಪೆಟ್ಟಿಗೆ ಅದನ್ನು ತಪ್ಪೆಂದು ತಿಳಿದು ಮೂರು ಮೆಟ್ಟಿಲು ಮಾಡಿಟ್ಟಿತು. ರಾತ್ರಿ ಕುಳಿತು ಕೇಳಿದಾಗ ಹಾರ್ಮೋನಿಯಂ ಮನೆ ಒತ್ತಿದಂತೆ ಕೇಳಿಸಿತು. ತಿದ್ದದ ಧ್ವನಿಯನ್ನು ಬೇರೆಯಾಗಿ ಉಳಿಸಿರಲಿಲ್ಲ. ಅವರನ್ನು ಮತ್ತೆ ಕರೆಸಿ ಹಾಡಿಸಿದೆ, ಹಾಡು ಚೆನ್ನಾಗಿಯೇ ಬಂತು. ಆದರೂ ಮೊದಲ ದಿನದ ಅನುಪಲ್ಲವಿ ಇಂದಿಗೂ ನನ್ನನ್ನು ಕಾಡುತ್ತದೆ.

ತಂತ್ರಾಂಶವೂ ತಾನಾಗಿ ತಿದ್ದಲು ಬಿಟ್ಟರೆ ಇದನ್ನೇ ಮಾಡುತ್ತದೆ. 1997ರಲ್ಲಿ ಬಂದ, ಶ್ರುತಿ ತಿದ್ದುವ ತಂತ್ರಾಂಶವಾದ ಆಟೋಟ್ಯೂನನ್ನು ರೂಪಿಸಿದ ಆ್ಯಂಡಿ ಹಿಲ್ಡೆಬ್ರಾಂಡ್, ಅದಕ್ಕೂ ಮೊದಲು ತೈಲ ಹುಡುಕಲು ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸುತ್ತಿದ್ದವರು. ಕಂಪನ ಅಳೆಯುವುದರಲ್ಲಿ ಯಂತ್ರಕ್ಕೆ ತಪ್ಪಿಲ್ಲ. ಯಾವ ಕಂಪನ ಗಮಕ, ಅಂದರೆ ರಾಗಕ್ಕೆ ಬೇಕಾದ ತೂಗಾಟ, ಯಾವುದು ಅಪಸ್ವರ ಎಂದು ಅದಕ್ಕೆ ಹೇಳಿಕೊಡುವವರು ಯಾರು? ನಾನೇ ಹೇಳಬೇಕು, ಅದಕ್ಕೆ ಸಾವಧಾನ ಬೇಕು, ತಪ್ಪಿದರೆ ಹಿಂದೆ ಹೋಗುವ ದಾರಿಯೂ ಬೇಕು. ಆ ದಾರಿ ಇರುವುದು ತಂತ್ರಾಂಶದಲ್ಲಿ.

ಈಗ ಹಾಡನ್ನು ಇದ್ದಂತೆಯೇ ಮುದ್ರಿಸಿ, ಮರುದಿನ ಮೆಲೊಡೈನ್ ಎಂಬ ಸ್ವರ ತಿದ್ದುವ ತಂತ್ರಾಂಶದಲ್ಲಿ ತೆರೆಯುತ್ತೇನೆ. ಮೊದಲ ಕೆಲಸ ಆಧಾರ ಶ್ರುತಿಯನ್ನು ಅವರ ತಂಬೂರಿಗೆ ಹೊಂದಿಸುವುದು. ಸ್ವರಗಳು ಪರದೆಯ ಮೇಲೆ ಉಂಡೆಗಳಾಗಿ ಕಾಣುತ್ತವೆ, ಒಳಗೆ ಸಣ್ಣ ಗೆರೆ ಕಂಠದ ಏರಿಳಿತವನ್ನು ತೋರಿಸುತ್ತದೆ. ಗಮಕವಿರುವಲ್ಲಿ ತಂತ್ರಾಂಶ ಒಂದೇ ಸ್ವರವನ್ನು ಮೂರು ನಾಲ್ಕು ತುಂಡು ಮಾಡಿರುತ್ತದೆ. ಆ ತುಂಡುಗಳನ್ನು ಕೂಡಿಸಿ ಹಾಗೆಯೇ ಬಿಡುತ್ತೇನೆ. ಜಾರುಗಳನ್ನೂ ಮುಟ್ಟುವುದಿಲ್ಲ. ತಿದ್ದುವುದು ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಇಳಿದ ಪಂಚಮದಂಥದ್ದನ್ನು ಮಾತ್ರ. ಅದನ್ನೂ ಪೂರ್ತಿ ಸ್ವರಸ್ಥಾನಕ್ಕೆ ತಂದು ನಿಲ್ಲಿಸುವುದಿಲ್ಲ. 30 ಸೆಂಟ್ ಇಳಿದಿದ್ದರೆ 20ರಷ್ಟು ಎತ್ತಿ, ಕಣ್ಣು ಮುಚ್ಚಿ ತಂಬೂರಿಯ ಜೊತೆ ಕೇಳುತ್ತೇನೆ. ಐದು ನಿಮಿಷದ ಹಾಡಿನಲ್ಲಿ ಇಂಥವು ಹತ್ತು ಹನ್ನೆರಡಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಟೇಕ್ ತೆಗೆದುಕೊಳ್ಳುವುದೇ ಮೇಲು.

ಪೆಟ್ಟಿಗೆಯಿಲ್ಲದೆ ಧ್ವನಿ ಕಂಪ್ಯೂಟರ್ ಮೂಲಕ ಹಾದು ಹೆಡ್‌ಫೋನಿಗೆ ಬರುವಾಗ ಆಗುವ ತಡಕ್ಕೂ ಉಪಾಯವಿದೆ. ಮುದ್ರಿಸುವಾಗ ಬಫರನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕನ್ನು, 128 ಸ್ಯಾಂಪಲ್‌ಗೆ ಇಳಿಸುತ್ತೇನೆ; ಸೆಕೆಂಡಿಗೆ 44,100 ಸ್ಯಾಂಪಲ್ ವೇಗದಲ್ಲಿ ಅದು ಸುಮಾರು 3 ಮಿಲಿಸೆಕೆಂಡ್. ಬಂದು ಹೋಗುವುದೆಲ್ಲ ಸೇರಿ ಅದಕ್ಕಿಂತ ಹೆಚ್ಚಾದರೂ ಹಾಡುವವರಿಗೆ ತೊಡಕಾಗಿಲ್ಲ. ಒಂದು ಕಿವಿಯ ಹೆಡ್‌ಫೋನ್ ಸರಿಸಿ ಹಾಡಿ ಎನ್ನುತ್ತೇನೆ. ತಮ್ಮ ಧ್ವನಿ ತಮಗೆ ನೇರವಾಗಿ ಕೇಳಿದರೆ ಶ್ರುತಿಯ ತೊಂದರೆ ಅರ್ಧ ಅಲ್ಲೇ ಸರಿಹೋಗುತ್ತದೆ.

ಪೆಟ್ಟಿಗೆಯನ್ನು ಮಾರಿಲ್ಲ. ರಸಮಂಜರಿ ಕಾರ್ಯಕ್ರಮಗಳಲ್ಲಿ ಹಾಡುವ ಗೆಳೆಯನೊಬ್ಬ ಒಯ್ಯುತ್ತಾನೆ. ವೇದಿಕೆಯಲ್ಲಿ ಮರುದಿನ ಎಂಬುದಿಲ್ಲ, ಅಲ್ಲಿ ಅದರದೇ ಕೆಲಸ. ನನ್ನ ಕೋಣೆಯಲ್ಲಿ ಮಾತ್ರ, ಯಾರು ಹಾಡಿದರೂ ತಿದ್ದದ ಧ್ವನಿ ಎರಡು ಡಿಸ್ಕ್‌ಗಳಲ್ಲಿ ಉಳಿಯುತ್ತದೆ. ತಂಬೂರಿ ಎಷ್ಟು ಸೆಂಟ್ ಮೇಲಿತ್ತು, ಎಷ್ಟು ಕೆಳಗಿತ್ತು ಎಂಬುದನ್ನೂ ಕಡತದ ಹೆಸರಿನಲ್ಲೇ ಬರೆದಿಡುತ್ತೇನೆ.