‘ರನ್’ ಅಂದರೆ ಬರೀ ‘ಓಡು’ ಅಲ್ಲ: ಇಂಗ್ಲಿಷ್ ಪದಕ್ಕೆ ಸರಿಯಾದ ಕನ್ನಡ ಹುಡುಕುವುದು ಹೇಗೆ?

ಹೂ ಅರಳಿಸುವ ಹೂಮಳೆಗೆ ಕಾದು ಸಾಕಾಗಿ ಎಲ್ಲರೂ ರೋಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವ ಫೆಬ್ರುವರಿ ತಿಂಗಳು. ಕೊಡಗಿನ ಸುಂಟಿಕೊಪ್ಪದ ಹತ್ತಿರ ಪರಿಚಯದವರೊಬ್ಬರ ತೋಟದಲ್ಲಿ ಹೊಸ ಪಂಪ್‌ಸೆಟ್ ಕೂರಿಸಿದ್ದರು. ಅದರ ಜೊತೆ ಬಂದ ಕನ್ನಡ ಚೀಟಿಯಲ್ಲಿ ದಪ್ಪಕ್ಷರದಲ್ಲಿ ‘ಪಂಪ್ ಅನ್ನು ಒಣಗಿ ಓಡಿಸಬೇಡಿ’ ಎಂದಿತ್ತು. ಪಂಪ್ ನೋಡಿಕೊಳ್ಳುವ ಹುಡುಗ ಎರಡು ಸಲ ಓದಿದ. ಬಿಸಿಲಿಗೆ ಒಣಗಿದ ಪಂಪ್ ಹಾಕಬಾರದೇನೋ ಎಂದುಕೊಂಡು ಮೇಲೊಂದು ಗೋಣಿಚೀಲ ಒದ್ದೆ ಮಾಡಿ ಹೊದಿಸಿದ. ಕೆರೆಯ ನೀರು ಇಳಿದು ಪೈಪಿನ ಬುಡದ ಫುಟ್‌ವಾಲ್ವ್ ಗಾಳಿ ಎಳೆಯತೊಡಗಿದರೂ ಮೋಟಾರ್ ತಿರುಗುತ್ತಲೇ ಇತ್ತು. ಒಳಗಿನ ಸೀಲನ್ನು ತಣ್ಣಗಿಡುವುದು ಅದೇ ನೀರು. ನೀರಿಲ್ಲದೆ ಸೀಲ್ ಸುಟ್ಟುಹೋಯಿತು. ಇಂಗ್ಲಿಷಿನ ‘ರನ್ ಡ್ರೈ’ಯನ್ನು ಪದಕ್ಕೆ ಪದ ತಿರುಗಿಸಿಟ್ಟಿದ್ದರು. ಬೈಸಿಕೊಂಡವನು ಆ ಹುಡುಗ, ಚೀಟಿ ಬರೆದವರಲ್ಲ.

ತೋಟದ ಕರಪತ್ರ, ಹೋಮ್‌ಸ್ಟೇ ಬೋರ್ಡು, ಸಂಘದ ಸುತ್ತೋಲೆ ಇವನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಕೊಡುವುದು ನನ್ನ ಕೆಲಸ. ಅತಿ ಹೆಚ್ಚು ಜನ ಎಡವುವುದನ್ನು ನಾನು ನೋಡಿರುವುದು ದೊಡ್ಡ ದೊಡ್ಡ ಪದಗಳಲ್ಲಿ ಅಲ್ಲ, ಒಂದನೇ ತರಗತಿಯಲ್ಲೇ ಕಲಿತ ‘ರನ್’ನಂಥ ಪುಟ್ಟ ಪದಗಳಲ್ಲಿ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಪದಕ್ಕೆ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿ ಅದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆ. ಅಷ್ಟನ್ನೂ ಕಲಿಯಬೇಕಿಲ್ಲ. ದಾರಿ ಗೊತ್ತಿದ್ದರೆ ಸಾಕು.

ಹೆಜ್ಜೆ 1. ಪದವನ್ನಲ್ಲ, ಇಡೀ ವಾಕ್ಯವನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಹೆಜ್ಜೆ 2. ‘ರನ್’ ಆಗುತ್ತಿರುವುದು ಯಾವುದು, ನೋಡಿ. ಇಡೀ ಕೆಲಸ ನಿಂತಿರುವುದು ಇಲ್ಲೇ, ಅವಸರ ಮಾಡಬೇಡಿ.

ವಾಕ್ಯದಲ್ಲಿ ‘ರನ್’ ಯಾವ ವಸ್ತುವಿಗೆ ಅಂಟಿಕೊಂಡಿದೆಯೋ ಅದರ ಕೆಳಗೆ ಗೆರೆ ಎಳೆಯಿರಿ. ಈಗ ಇಂಗ್ಲಿಷ್ ಕ್ರಿಯಾಪದದ ಮೇಲೆ ಬೆರಳಿಟ್ಟು ಮುಚ್ಚಿ, ಆ ಖಾಲಿ ಜಾಗವನ್ನು ಮನೆಯಲ್ಲಿ ಅಮ್ಮ ಹೇಗೆ ತುಂಬುತ್ತಿದ್ದರೋ ಹಾಗೆ ತುಂಬಿ. ಹೊಳೆಯಾದರೆ ಹರಿಯುತ್ತದೆ. ನೆಗಡಿಯಾದ ಮೂಗು ಸೋರುತ್ತದೆ. ಹೊಸ ಸೀರೆ ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆ. ಸಿನಿಮಾ ನೂರು ದಿನ ಓಡುತ್ತದೆ, ಇಲ್ಲಿ ಮಾತ್ರ ಕನ್ನಡವೂ ಇಂಗ್ಲಿಷೂ ಜೊತೆಜೊತೆಗೆ ಹೋಗುತ್ತವೆ. ತೋಟದ ಗುತ್ತಿಗೆ 2030ರವರೆಗೆ ‘ರನ್’ ಆದರೆ ಕನ್ನಡದಲ್ಲಿ ‘ಗುತ್ತಿಗೆ 2030ರವರೆಗೆ ಇದೆ’ ಅಂದರಾಯಿತು. ಸೋಲಾರ್ ಬೇಲಿ ಆನೆ ಕಂದಕದ ಪಕ್ಕದಲ್ಲಿ ‘ರನ್’ ಆಗುತ್ತದೆ ಎಂದು ಬರೆದಿದ್ದರೆ, ಬೇಲಿ ಎಲ್ಲಿಗೂ ಓಡುತ್ತಿಲ್ಲ, ಕಂದಕದ ಉದ್ದಕ್ಕೂ ಇದೆ.

ಒಂದು ಉದಾಹರಣೆ ನನಗೆ ಬಹಳ ಇಷ್ಟ. ಅಮೆರಿಕದಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಆಗುತ್ತಾನೆ. ನಮ್ಮಲ್ಲಿ ಗ್ರಾಮ ಪಂಚಾಯಿತಿಗೇ ಆಗಲಿ ಲೋಕಸಭೆಗೇ ಆಗಲಿ, ಚುನಾವಣೆಗೆ ನಿಲ್ಲುತ್ತಾರೆ. ಅಲ್ಲಿ ಓಡುವುದು, ಇಲ್ಲಿ ನಿಲ್ಲುವುದು, ಕೆಲಸ ಒಂದೇ! ‘ರನ್’ಗೆ ‘ಓಡು’ ಎಂದು ಕಟ್ಟಿಹಾಕಿಕೊಂಡವರಿಗೆ ಈ ‘ನಿಲ್ಲು’ ಎಂದೂ ಹೊಳೆಯುವುದಿಲ್ಲ. ಹಾಗೆಯೇ, 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ಹಾಕಿ ಇವರ ಕುಟುಂಬದಲ್ಲಿ ‘ರನ್’ ಆಗುತ್ತದೆ ಎನ್ನುವುದುಂಟು. ಅದನ್ನು ‘ಹಾಕಿ ಇವರಿಗೆ ರಕ್ತದಲ್ಲೇ ಬಂದಿದೆ’ ಎಂದು ಬರೆಯಿರಿ.

ಇದು ಇಂಗ್ಲಿಷಿನದೇ ತೊಂದರೆ ಅಂದುಕೊಳ್ಳಬೇಡಿ. ನಮ್ಮ ‘ಹರಿ’ಯನ್ನೇ ನೋಡಿ. ನೀರು ಹರಿಯುತ್ತದೆ, ಬಟ್ಟೆ ಹರಿಯುತ್ತದೆ, ಹಾವು ಹರಿಯುತ್ತದೆ, ಬೆಳಕು ಹರಿಯುತ್ತದೆ. ಬೆಳಕು ಹರಿಯಿತು ಎಂದರೆ ಬೆಳಕು ಚಿಂದಿಯಾಯಿತು ಎಂದು ಯಾವ ಮಗುವೂ ತಿಳಿಯುವುದಿಲ್ಲ. ಪಕ್ಕದಲ್ಲಿ ನಿಂತ ಪದವೇ ಅರ್ಥ ಹೇಳಿಕೊಡುತ್ತದೆ. ಕನ್ನಡದಲ್ಲಿ ದಿನಾ ಮಾಡುವ ಈ ಕೆಲಸವನ್ನೇ ಇಂಗ್ಲಿಷ್ ವಾಕ್ಯ ಎದುರಿಗಿದ್ದಾಗಲೂ ಮಾಡಬೇಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಇಲ್ಲವೇ ಮಲಯಾಳ, ಪೇಟೆಯಲ್ಲಿ ಕನ್ನಡ ಎಂದು ದಿನಕ್ಕೆ ಹತ್ತು ಸಲ ನಾಲಿಗೆ ಬದಲಿಸುವ ಕೊಡಗಿನವರಿಗೆ ಇದು ಕಷ್ಟವೇ ಆಗಬಾರದು.

ಇದೇ ಹೆಜ್ಜೆಯಲ್ಲಿ ಇನ್ನೊಂದು ಗುಂಡಿ ಇದೆ. ಆ ವಸ್ತು ತಾನೇ ‘ರನ್’ ಆಗುತ್ತಿದೆಯೇ, ಬೇರೆ ಯಾರಾದರೂ ಅದನ್ನು ‘ರನ್’ ಮಾಡುತ್ತಿದ್ದಾರೆಯೇ? ಇಂಗ್ಲಿಷಿಗೆ ಎರಡಕ್ಕೂ ಒಂದೇ ರೂಪ ಸಾಕು. ಕನ್ನಡಕ್ಕೆ ಸಾಲದು: ಓಡು, ಓಡಿಸು; ನಡೆ, ನಡೆಸು; ಹರಿ, ಹರಿಸು. ಈ ‘ಇಸು’ ಬಿಟ್ಟುಹೋದರೆ ವಾಕ್ಯ ತಲೆಕೆಳಗಾಗುತ್ತದೆ. ರಸ್ತೆ ಬದಿಯ ಬೋರ್ಡೊಂದರಲ್ಲಿ ‘ಕುಟುಂಬ ಓಡುವ ಹೋಮ್‌ಸ್ಟೇ’ ಎಂದು ಚೆಂದದ ಅಕ್ಷರದಲ್ಲಿ ಬರೆಸಿದ್ದನ್ನು ನಾನೇ ನೋಡಿದ್ದೇನೆ. ಬೋರ್ಡಿಗೆ ಅಷ್ಟು ದುಡ್ಡು ಹಾಕಿದವರನ್ನು ನೆನೆದು ಬೇಜಾರಾಯಿತು. ‘ಮನೆಯವರೇ ನಡೆಸುವ ಹೋಮ್‌ಸ್ಟೇ’ ಎಂದಿದ್ದರೆ ಓದಿದವರಿಗೆ ಊಟದ ರುಚಿಯೂ ಅಂದಾಜಾಗುತ್ತಿತ್ತು.

ಹೆಜ್ಜೆ 3. ಬಾಲ ನೋಡಿ. ‘ರನ್’ ಹಿಂದೆ ಔಟ್, ಇನ್‌ಟು, ಓವರ್, ಡೌನ್ ಎಂಬ ಚಿಕ್ಕ ಪದ ಇದ್ದರೆ ಎರಡನ್ನೂ ಸೇರಿಸಿ ಒಂದೇ ಪದ ಎಂದು ಎಣಿಸಿ. ಬಿಡಿಸಿದರೆ ಕೆಟ್ಟಿತು. ಡೀಸೆಲ್ ‘ರನ್ ಔಟ್’ ಆದರೆ ಡೀಸೆಲ್ ಮುಗಿದಿದೆ. ತೋಟದ ಕೆಲಸಗಾರರ ಹಳೆಯ ಲೈನ್ ಮನೆ ‘ರನ್ ಡೌನ್’ ಆಗಿದ್ದರೆ ಶಿಥಿಲವಾಗಿದೆ. ‘ರನ್ ಇನ್‌ಟು’ ಬಂದಾಗ ಎರಡು ಸಲ ಯೋಚಿಸಿ. ರಾತ್ರಿ ತಿತಿಮತಿ ದಾರಿಯಲ್ಲಿ ಯಾರೋ ಆನೆಗೆ ‘ರನ್ ಇನ್‌ಟು’ ಆದರು ಎಂದರೆ ಆನೆ ಎದುರಾಯಿತು ಎಂದೂ ಆಗಬಹುದು, ಗಾಡಿ ಆನೆಗೆ ಡಿಕ್ಕಿ ಹೊಡೆಯಿತು ಎಂದೂ ಆಗಬಹುದು. ಮುಂದಿನ ವಾಕ್ಯ ಓದದೆ ತೀರ್ಮಾನ ಮಾಡಬೇಡಿ. ‘ರನ್ ಡ್ರೈ’ ಕೂಡ ಹೀಗೇ ಎರಡು ಮುಖದ್ದು. ಬಾವಿಯಾದರೆ ಬತ್ತಿತು. ಪಂಪ್ ಆದರೆ ನೀರಿಲ್ಲದೆ ತಿರುಗಿತು. ಚೀಟಿ ಬರೆದವರು ಜಾರಿದ್ದು ಇಲ್ಲೇ.

ಕ್ರಿಕೆಟ್ಟಿನ ರನ್, ರನೌಟ್ ಎರಡನ್ನೂ ಹಾಗೇ ಬಿಡಿ. ಅವು ಕನ್ನಡವಾಗಿ ಎಷ್ಟೋ ಕಾಲವಾಯಿತು.

ಫೋನಿನ ಅನುವಾದದ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಡೀ ಪ್ಯಾರಾ ಕೊಟ್ಟರೆ ಪರವಾಗಿಲ್ಲ ಎನ್ನುವಂಥದ್ದು ಬರುತ್ತದೆ. ಒಂಟಿ ಪದ ಕೊಟ್ಟು ಮೊದಲ ಉತ್ತರವನ್ನು ಬೋರ್ಡಿಗೆ ಬರೆಸಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಅಂಗೈಯಗಲದ ನಿಘಂಟುಗಳನ್ನಂತೂ ಕೊಳ್ಳಲೇಬೇಡಿ. ಅವುಗಳಲ್ಲಿ ಒಂದು ಪದಕ್ಕೆ ಒಂದೋ ಎರಡೋ ಅರ್ಥ ಕೊಟ್ಟು ಮುಗಿಸಿರುತ್ತಾರೆ, ಉದಾಹರಣೆ ವಾಕ್ಯವೇ ಇರುವುದಿಲ್ಲ. ಉದಾಹರಣೆ ವಾಕ್ಯವಿಲ್ಲದ ನಿಘಂಟು ದಂಡ. ಕೊಳ್ಳುವ ಮುಂಚೆ ‘ರನ್’ ಇರುವ ಪುಟ ತೆರೆದು ನೋಡಿ. ಅದಕ್ಕೆ ಅರ್ಧ ಪುಟವೂ ಕೊಡದಿದ್ದರೆ ಅಲ್ಲೇ ಇಟ್ಟು ಬನ್ನಿ. ‘ರನ್ ಮಾಡಿ’, ‘ರನ್ ಆಗ್ತಿದೆ’ ಎಂಬ ಸುಲಭದ ದಾರಿ ಮಾತಿಗೆ ನಡೆಯುತ್ತದೆ, ನಾನೂ ಆಡುತ್ತೇನೆ. ಎಚ್ಚರಿಕೆಯ ಚೀಟಿಗೆ ಅದು ಬೇಡ.

ಹೆಜ್ಜೆ 4. ಸಮಾನಾರ್ಥಕಗಳಲ್ಲಿ ಒಂದನ್ನು ಆರಿಸಿ. ಪೀಟರ್ ಮಾರ್ಕ್ ರೋಜೆ 1852ರಲ್ಲಿ ಇಂಗ್ಲಿಷ್ ಪದಗಳನ್ನು ಅರ್ಥದ ಗುಂಪುಗಳಾಗಿ ಜೋಡಿಸಿ ಪ್ರಕಟಿಸಿದ ಮೇಲೆ ಅಂಥ ಪಟ್ಟಿಗಳಿಗೆ ಲೆಕ್ಕವಿಲ್ಲ. ಆದರೆ ಒಂದೇ ಗುಂಪಿನಲ್ಲಿ ಕೂತ ಪದಗಳು ಒಂದರ ಜಾಗಕ್ಕೆ ಇನ್ನೊಂದು ಹೋಗಿ ಕೂರುವುದಿಲ್ಲ. ಕನ್ನಡದಲ್ಲಿ ‘ನಡೆಸು’, ‘ನಿರ್ವಹಿಸು’, ‘ಚಲಾಯಿಸು’ ಮೂರೂ ‘ರನ್’ಗೆ ಒದಗುತ್ತವೆ. ವಾಹನ, ಮತ, ಅಧಿಕಾರವನ್ನು ಚಲಾಯಿಸುತ್ತೇವೆ. ಜವಾಬ್ದಾರಿ, ಪಾತ್ರವನ್ನು ನಿರ್ವಹಿಸುತ್ತೇವೆ. ಅಂಗಡಿ, ಶಾಲೆ, ಸಂಸಾರ ನಡೆಸುತ್ತೇವೆ. ಸಂಸಾರ ಚಲಾಯಿಸುತ್ತೇನೆ ಎಂದು ಯಾರೂ ಹೇಳುವುದಿಲ್ಲ. ಅನುಮಾನ ಬಂದರೆ ‘ನಡೆಸು’ ಹಾಕಿ ನೋಡಿ, ಹತ್ತರಲ್ಲಿ ಎಂಟು ಕಡೆ ಅದೇ ಸಾಕು. ‘ನಿರ್ವಹಿಸಲಾಗುತ್ತಿದೆ’, ‘ಚಲಾಯಿಸಲಾಗುವುದು’ ಎಂಬ ‘ಲಾಗು’ ವಾಕ್ಯಗಳನ್ನು ನಾನು ಬಂದ ಕೂಡಲೇ ಹೊಡೆದು ಹಾಕುತ್ತೇನೆ. ಯಾರು ನಡೆಸುತ್ತಾರೆ ಎಂಬುದೇ ಅದರಲ್ಲಿ ಮುಚ್ಚಿಹೋಗುತ್ತದೆ. ಬಸ್ಸಿನ ವಿಷಯಕ್ಕೆ ‘ಸಂಚರಿಸುತ್ತದೆ’ಯೂ ಬೇಡ. ರೈಲು ಇಲ್ಲದ ಜಿಲ್ಲೆ ನಮ್ಮದು, ಬಸ್ಸೇ ಗತಿ. ‘ಮಡಿಕೇರಿಯಿಂದ ವಿರಾಜಪೇಟೆಗೆ ಬಸ್ಸಿದೆ’ ಎಂದರೆ ಸಾಲದೇ?

ಆರಿಸಿದ ಮೇಲೆ ಹಿಂದುಮುಂದು ಮಾಡಿ ಪರೀಕ್ಷಿಸಿ. ಇಂಗ್ಲಿಷಿನಿಂದ ಸಿಕ್ಕ ಕನ್ನಡ ಪದವನ್ನು ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ತೆಗೆದು ನೋಡಬೇಕು. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟು ಇಂದಿಗೂ ನನ್ನ ಮೇಜಿನ ಮೇಲಿದೆ. ಹಳೆಯದಾದರೂ, ಪದ ಯಾವ ಪದದ ಜೊತೆ ಬರುತ್ತದೆ ಎಂಬುದನ್ನು ಬಳಕೆಯ ಸಮೇತ ತೋರಿಸುತ್ತದೆ.

ಹೆಜ್ಜೆ 5. ಆ ಕೆಲಸ ಮಾಡುವವರಿಗೇ ಓದಿ ಹೇಳಿ. ನಿಮ್ಮಷ್ಟೇ ಓದಿದ ಗೆಳೆಯರಿಗಲ್ಲ, ಅವರು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು ‘ಚೆನ್ನಾಗಿದೆ’ ಅಂದುಬಿಡುತ್ತಾರೆ.

ಸುಂಟಿಕೊಪ್ಪದ ತೋಟದವರು ಆಮೇಲೆ ನನ್ನನ್ನು ಕರೆದು ಹೊಸ ಚೀಟಿ ಬರೆದುಕೊಡಿ ಅಂದರು. ‘ನೀರಿಲ್ಲದೆ ಮೋಟಾರ್ ಹಾಕಬೇಡಿ’ ಎಂದು ಬರೆದು ಪಂಪ್‌ಹೌಸಿನ ಬಾಗಿಲಲ್ಲಿ ನಿಂತು ಆ ಹುಡುಗನಿಗೆ ಓದಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಹಾಕುವಾಗ ನೀರಿತ್ತಲ್ಲ ಸಾರ್. ನೀರು ಹೋದದ್ದು ಆಮೇಲೆ.’

ಸರಿಯಾದ ಮಾತು. ‘ಹಾಕು’ ಅಂದರೆ ಶುರು ಮಾಡುವುದು. ಅವನ ಪಂಪ್ ಕೆಟ್ಟದ್ದು ತಿರುಗುತ್ತಿದ್ದಾಗ. ಎರಡೂ ಆ ಒಂದು ‘ರನ್’ನಲ್ಲೇ ಇದ್ದವು, ನಾನು ಒಂದನ್ನು ಮಾತ್ರ ಹಿಡಿದಿದ್ದೆ. ಮತ್ತೇನು ಬರೆಯಲಿ ಎಂದು ಅವನನ್ನೇ ಕೇಳಿದೆ. ಈಗ ಸ್ವಿಚ್ ಬೋರ್ಡಿನ ಪಕ್ಕದಲ್ಲಿ ಅಂಟಿಸಿರುವುದು ಅವನು ಹೇಳಿದ್ದೇ: ‘ಪೈಪಲ್ಲಿ ನೀರು ನಿಂತ ಕೂಡಲೇ ಮೋಟಾರ್ ಆಫ್ ಮಾಡಿ.’